ಟೇಪು ಒಯ್ಯಬೇಡಿ, ಸಾಹೇಬರೇ

ವಿದೇಶ ಅಧ್ಯಯನ ಪ್ರವಾಸಕ್ಕೆ ಹೊರಟಿರುವ ಸನ್ಮಾನ್ಯ ಸಾಹೇಬರಿಗೆ,

ಹೈದರಾಬಾದಿನ ಕಾಚಿಗುಡದಿಂದ ನಿಮ್ಮ ಕಡೆಯವನೇ ಒಬ್ಬ ಮಾಡುವ ಶರಣು ಶರಣಾರ್ಥಿ. ಯುರೋಪು, ಅಮೆರಿಕದ ನಗರಗಳಲ್ಲಿ ಚೌಕಕ್ಕೊಂದರಂತೆ ನಿಂತಿರುವ ಶಿಲ್ಪಗಳನ್ನು ನೋಡಿ ಬರಲು ನಿಮ್ಮ ತಂಡ ಸಜ್ಜಾಗಿದೆಯೆಂದು ತಿಳಿದು ಸಂತೋಷವೂ ಆಯಿತು, ಸ್ವಲ್ಪ ಎದೆಯೂ ನಡುಗಿತು. ಬೀದರ್ ಕಡೆಯವರೆಂದ ಮೇಲೆ ವಿಮಾನ ಹತ್ತುವುದು ನಮ್ಮ ಶಂಷಾಬಾದಿನಲ್ಲೇ ತಾನೆ? ಹತ್ತುವ ಮುಂಚೆ ಒಂದು ದಿನ ಇಲ್ಲಿ ಉಳಿಯಿರಿ. ಪರದೇಶದಲ್ಲಿ ಪ್ರತಿಮೆ ಕಂಡು ದೊಡ್ಡವರು ಬೆರಗಾದರೆ ಊರಿನ ಪಾಡು ಏನಾಗುತ್ತದೆ ಎಂದು ತಿಳಿಯಲು ಹುಸೇನ್ ಸಾಗರದ ಕಟ್ಟೆಗಿಂತ ಒಳ್ಳೆಯ ಜಾಗ ಪ್ಯಾರಿಸ್ಸಿನಲ್ಲೂ ಸಿಗಲಿಕ್ಕಿಲ್ಲ.

ಮುಖ್ಯಮಂತ್ರಿಯಾಗಿದ್ದಾಗ ಎನ್.ಟಿ. ರಾಮರಾವ್ ನ್ಯೂಯಾರ್ಕಿಗೆ ಹೋಗಿ ಲಿಬರ್ಟಿ ಪ್ರತಿಮೆ ನೋಡಿದರು. ತೆರೆಯ ಮೇಲೆ ರಾಮ, ಕೃಷ್ಣ ಎಲ್ಲ ಆಗಿದ್ದವರು. ಅಷ್ಟು ಎತ್ತರದ ಮತ್ತೊಬ್ಬರನ್ನು ಕಂಡಾಗ ಸುಮ್ಮನಿರಲು ಹೇಗೆ ಸಾಧ್ಯ? ಅಲ್ಲಿ ನೀರಿನ ನಡುವೆ ಸ್ವಾತಂತ್ರ್ಯದೇವಿ, ಇಲ್ಲಿ ನೀರಿನ ನಡುವೆ ಬುದ್ಧ ಎಂದು ತೀರ್ಮಾನವಾಯಿತು. 1985ರಲ್ಲಿ ಕೆಲಸ ಶುರು. ಭುವನಗಿರಿ ಹತ್ತಿರದ ರಾಯಗಿರಿಯಲ್ಲಿ ಬಿಳಿ ಗ್ರಾನೈಟಿನ ಬಂಡೆ ಸಿಕ್ಕಿತು. ಗಣಪತಿ ಸ್ಥಪತಿಗಳ ಕೈಕೆಳಗೆ ನೂರಾರು ಜನ ವರ್ಷಗಟ್ಟಲೆ ಉಳಿ ಹಿಡಿದರು. ಎತ್ತರ 58 ಅಡಿ, ಹೆಚ್ಚುಕಡಿಮೆ ನಮ್ಮ ಶ್ರವಣಬೆಳಗೊಳದ ಗೊಮ್ಮಟನಷ್ಟೇ. ಆದರೆ ಚಾವುಂಡರಾಯ ಜಾಣ. ಕ್ರಿ.ಶ. 981ರ ಹೊತ್ತಿಗೆ ಬೆಟ್ಟದ ನೆತ್ತಿಯ ಬಂಡೆಯನ್ನು ಇದ್ದಲ್ಲೇ ಕಡೆಸಿಬಿಟ್ಟ. ಸಾಗಣೆಗೆ ಟೆಂಡರ್ ಕರೆಯುವ ಪ್ರಮೇಯವೇ ಬರಲಿಲ್ಲ. ಆ ಕಾಲದಲ್ಲಿ ವಿದೇಶ ಪ್ರವಾಸವಿರಲಿಲ್ಲ, ಪಾಪ. ಇದ್ದ ಬೆಟ್ಟವನ್ನೇ ನೋಡಿಕೊಂಡು ಕೆಲಸ ಮಾಡಬೇಕಿತ್ತು.

ಇಲ್ಲಿ ಹಾಗಾಗಲಿಲ್ಲ. 1990ರ ಮಾರ್ಚ್ 10ರಂದು ಬುದ್ಧನನ್ನು ಹೊತ್ತ ಬಾರ್ಜ್ ದಡ ಬಿಟ್ಟು ಅಷ್ಟು ದೂರ ಹೋಗಿರಲಿಲ್ಲ, ವಾಲಿತು. ವಿಗ್ರಹ ಕೆರೆಯ ತಳ ಸೇರಿತು. ಜೊತೆಗಿದ್ದವರಲ್ಲಿ ಹಲವರ ಪ್ರಾಣ ಹೋಯಿತು. ಅದರ ಬಗ್ಗೆ ತಮಾಷೆ ಮಾಡುವಷ್ಟು ನಾನು ಕೆಟ್ಟಿಲ್ಲ. ಬುದ್ಧ ಎರಡು ವರ್ಷಕ್ಕೂ ಮಿಕ್ಕಿ ಕೆಸರಿನಲ್ಲಿ ಮಲಗಿದ್ದ. 1992ರ ಡಿಸೆಂಬರಿನಲ್ಲಿ ಮೇಲೆತ್ತಿ ನಿಲ್ಲಿಸಿದರು. ಅವನು ಮುಳುಗುವಾಗಲೂ ಏಳುವಾಗಲೂ ಕನಸು ಕಂಡವರು ಕುರ್ಚಿಯಲ್ಲಿರಲಿಲ್ಲ. ಅನಿತ್ಯ ಎಂದು ಬುದ್ಧ ಹೇಳಿದ್ದನ್ನು ಮತದಾರರು ಮೊದಲೇ ಓದಿಕೊಂಡಿದ್ದರೆಂದು ಕಾಣುತ್ತದೆ.

ಲಿಬರ್ಟಿಯಿಂದ ತರಬೇಕಾದದ್ದು ಬೇರೆ ಇತ್ತು, ಸಾಹೇಬರೇ. ಪ್ರತಿಮೆ ಫ್ರಾನ್ಸಿನವರ ಕೊಡುಗೆ. ಪೀಠ ಕಟ್ಟಲು ಅಮೆರಿಕದವರ ಹತ್ತಿರ ದುಡ್ಡು ಸಾಲಲಿಲ್ಲ. 1885ರಲ್ಲಿ ಜೋಸೆಫ್ ಪುಲಿಟ್ಜರ್ ತನ್ನ ಪತ್ರಿಕೆಯಲ್ಲಿ ಚಂದಾ ಕೇಳಿದ. ಲಕ್ಷಕ್ಕೂ ಹೆಚ್ಚು ಜನ ಕೊಟ್ಟರು, ಬಹಳಷ್ಟು ಮಂದಿ ಒಂದು ಡಾಲರಿಗಿಂತ ಕಡಿಮೆ. ಕೊಟ್ಟವರ ಹೆಸರು ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮಲ್ಲಿ ಅಡಿಗಲ್ಲಿನ ಮೇಲೆ ನಿಮ್ಮ ಹೆಸರಿರುತ್ತದೆ, ಕೊಟ್ಟವನ ಹೆಸರು ತೆರಿಗೆ ರಸೀದಿಯಲ್ಲಿ.

ಹುಸೇನ್ ಸಾಗರದ ಕಟ್ಟೆಯಾದ ಟ್ಯಾಂಕ್ ಬಂಡಿನ ಮೇಲೆ ಅದೇ ರಾಮರಾಯರ ಕಾಲದಲ್ಲಿ ಸಾಲಾಗಿ ನಿಲ್ಲಿಸಿದ ಮಹನೀಯರಿದ್ದಾರೆ. ಕವಿಗಳು, ರಾಜರು, ವಾಗ್ಗೇಯಕಾರರು. ನಮ್ಮ ಕೃಷ್ಣದೇವರಾಯನಿದ್ದಾನೆ, ಬಳ್ಳಾರಿ ರಾಘವರಿದ್ದಾರೆ. ಕನ್ನಡದವರೆಂದು ಅವರನ್ನು ಇಲ್ಲಿ ಯಾರೂ ಕರೆಯುವುದಿಲ್ಲ, ನಾನೂ ಜೋರಾಗಿ ಹೇಳಿಕೊಳ್ಳುವುದಿಲ್ಲ. ಪ್ರತಿಮೆಗಳಿಗೆ ಪ್ರಾಂತ್ಯ ಅಂಟಿದರೆ ಏನಾಗುತ್ತದೆ ಎಂದು ಈ ಊರು ನೋಡಿದೆ. ತೆಲಂಗಾಣ ಹೋರಾಟದ ಮಿಲಿಯನ್ ಮಾರ್ಚ್ ದಿನ ಆಂಧ್ರದವರು ಎಂಬ ಲೆಕ್ಕದ ಮೇಲೆ ಶ್ರೀಶ್ರೀ, ಅನ್ನಮಯ್ಯ ಮುಂತಾದವರನ್ನು ಕೆಡವಿದರು. ಕೆಲವರು ಕೆರೆಗೂ ಬಿದ್ದರು. ಆಮೇಲೆ ಸರ್ಕಾರ ಮತ್ತೆ ನಿಲ್ಲಿಸಿತು. ಕೆಡವಿದ್ದೂ ಮಾರ್ಚ್ 10ರಂದೇ, 2011ರಲ್ಲಿ. ಆದ್ದರಿಂದ ನಿಮ್ಮ ಅನಾವರಣ ಯಾವತ್ತಾದರೂ ಇಟ್ಟುಕೊಳ್ಳಿ, ಆ ಒಂದು ದಿನ ಬಿಟ್ಟು.

ಕಟ್ಟೆಯ ಮೇಲೆ ನಿಂತು ಈಗ ಸೆಕ್ರೆಟೇರಿಯಟ್ ಕಡೆ ನೋಡಿ. 2023ರ ಏಪ್ರಿಲ್ 14ರಂದು ಅನಾವರಣಗೊಂಡ ಅಂಬೇಡ್ಕರ್, 125 ಅಡಿ. ಎತ್ತರ ನಿಗದಿಯಾದದ್ದು 125ನೇ ಜಯಂತಿಯ ಲೆಕ್ಕದಲ್ಲಿ. ನೀರಿನ ನಡುವೆ ಗುರು 58 ಅಡಿ, ದಡದಲ್ಲಿ ಶಿಷ್ಯ ಅದರ ಎರಡು ಪಟ್ಟಿಗೂ ಮಿಗಿಲು. ಬುದ್ಧನ ಪಾದಕ್ಕೆ ಬಂದು ದೀಕ್ಷೆ ಪಡೆದ ಬಾಬಾಸಾಹೇಬರಿಗೆ ಈ ಅಳತೆ ಒಪ್ಪಿಗೆಯಾಗುತ್ತಿತ್ತೇ ಎಂದು ಕೇಳಿದರೆ ನನ್ನನ್ನು ವಿರೋಧಿ ಎಂದೀರಿ. ರಾಜಕೀಯದಲ್ಲಿ ಭಕ್ತಿ ಬೇಡವೆಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರು ಅವರೇ. ಆ ಭಾಷಣದ ಉದ್ದ ಅಡಿ ಲೆಕ್ಕದಲ್ಲಿ ಸಿಗುವುದಿಲ್ಲವಾದ್ದರಿಂದ ಯಾರಿಗೂ ನೆನಪಿಲ್ಲ.

ವಿಮಾನ ನಿಲ್ದಾಣದ ಕಡೆಗೇ ಮುಚ್ಚಿಂತಲ್. ಅಲ್ಲಿ 2022ರಿಂದ 216 ಅಡಿಯ ರಾಮಾನುಜಾಚಾರ್ಯರು ಕೂತಿದ್ದಾರೆ. ಲೋಹದ ಕೆಲಸ ಚೀನಾದ್ದು. ಹೆಸರು ಸಮತೆಯ ಪ್ರತಿಮೆ. ಸಮತೆ ಕತ್ತೆತ್ತಿ ನೋಡುವ ವಸ್ತುವೆಂದು ಮೇಲುಕೋಟೆಯಲ್ಲಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ರಾಜ್ಯ ಹಿಂದೆ ಬಿದ್ದಿದೆಯೆಂದು ನಾನು ಹೇಳುತ್ತಿಲ್ಲ. ಬಸವಕಲ್ಯಾಣದಲ್ಲಿ ಬಸವಣ್ಣ 108 ಅಡಿ, ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಕೆಂಪೇಗೌಡರು 108 ಅಡಿ. ಆಂಬುಲೆನ್ಸಿನ ನಂಬರೂ ಅದೇ ಆದ್ದರಿಂದ ಜನಕ್ಕೆ ಜ್ಞಾಪಕವಿಟ್ಟುಕೊಳ್ಳಲು ಸುಲಭ. ಸ್ಥಾವರದ ವಿಷಯದಲ್ಲಿ ಬಸವಣ್ಣನವರ ನಿಲುವೇನೆಂದು ನಿಮಗೆ ಹೇಳಬೇಕಿಲ್ಲ. ಪ್ರತಿ ಭಾಷಣದಲ್ಲೂ ಕಣ್ಣು ಮುಚ್ಚಿ ಹೇಳುತ್ತೀರಿ.

ನನಗೆ ನಿಜವಾದ ಹೆದರಿಕೆ ಇರುವುದು ಬ್ರಸೆಲ್ಸ್ ಊರಿನದು. ಅಲ್ಲಿ ಬೀದಿಯ ಮೂಲೆಯಲ್ಲಿ ಎರಡಡಿಯೂ ಇಲ್ಲದ ಕಂಚಿನ ಪೋರನೊಬ್ಬ ಶತಮಾನಗಳಿಂದ ನಿಶ್ಚಿಂತೆಯಾಗಿ ಉಚ್ಚೆ ಹೊಯ್ಯುತ್ತ ನಿಂತಿದ್ದಾನೆ. ಜನ ಅವನಿಗೆ ಬಗೆಬಗೆಯ ಅಂಗಿ ಹೊಲಿಸಿ ತೊಡಿಸುತ್ತಾರೆ. ಲೋಕವೆಲ್ಲ ಅವನನ್ನು ನೋಡಲು ಬರುತ್ತದೆ. ನೀವೂ ನೋಡುತ್ತೀರಿ, ಬೆರಗಾಗುತ್ತೀರಿ, ಅದೇ ನನ್ನ ಭಯ. ವಾಪಸು ಬಂದು ಅವನನ್ನೇ ಇನ್ನೂರು ಅಡಿಗೆ ಏರಿಸಿ ಯಾವುದಾದರೂ ಕೆರೆಯಲ್ಲಿ ನಿಲ್ಲಿಸುವ ಪ್ರಸ್ತಾವ ಇಟ್ಟರೆ ದಡದವರು ಎಲ್ಲಿಗೆ ಹೋಗಬೇಕು? ಹುಸೇನ್ ಸಾಗರಕ್ಕಂತೂ ತರಬೇಡಿ. ಆ ಕೆಲಸಕ್ಕೆ ಇಲ್ಲಿ ಕೊಳಚೆ ನಾಲೆಗಳು ಮೊದಲೇ ಇವೆ.

ಅಧ್ಯಯನ ಮಾಡಲೇಬೇಕೆಂದರೆ ಮೂಸಿ ದಂಡೆಯ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಬನ್ನಿ. ಈ ಊರಿನಿಂದ ಪರದೇಶಕ್ಕೆ ಹೋಗಿ ಶಿಲ್ಪ ಕಂಡು ಬೆರಗಾದ ಇನ್ನೊಬ್ಬ ದೊಡ್ಡ ಮನುಷ್ಯ ದಿವಾನ ಸಾಲಾರ್ ಜಂಗ್. 1876ರಲ್ಲಿ ರೋಮಿನಿಂದ ಆತ ತಂದದ್ದು ಬೆನ್ಜೋನಿ ಕಡೆದ ರೆಬೆಕ್ಕಾ. ಮದುವೆಯಾಗಲಿರುವ ಗಂಡನ್ನು ಮೊದಲ ಸಲ ಕಂಡು ಮುಸುಕು ಎಳೆದುಕೊಂಡ ಹುಡುಗಿ. ಹತ್ತಿರ ಹೋಗಿ ನೋಡಿ. ಮುಸುಕೂ ಮುಖವೂ ಒಂದೇ ಅಮೃತಶಿಲೆ, ಆದರೂ ಬಟ್ಟೆಯಾಚೆ ಮೂಗಿನ ಏಣು, ತುಟಿಯ ಅಂಚು, ಕೆಳಗಿಳಿಸಿದ ರೆಪ್ಪೆ ಕಾಣುತ್ತವೆ. ಬುರ್ಖಾ ಹಾಕಿದ ಅಜ್ಜಿಯರು ಮೊಮ್ಮಕ್ಕಳನ್ನು ಎತ್ತಿಕೊಂಡು ಅಲ್ಲಿ ನಿಂತೇ ಇರುತ್ತಾರೆ. ಕತ್ತು ನೋಯುವುದಿಲ್ಲ. ಎಷ್ಟು ಅಡಿ ಎಂದು ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ.

ಮುಸುಕಿನ ಕಲೆಯಲ್ಲಿ ನಾವೂ ಕಡಿಮೆಯವರಲ್ಲ ಅನ್ನಿ. ಬೆಂಗಳೂರಿನ ಹಲಸೂರು ಕೆರೆಯ ಬಳಿ ತಿರುವಳ್ಳುವರ್ 18 ವರ್ಷ ಮುಸುಕಿನಲ್ಲೇ ಇದ್ದು 2009ರ ಆಗಸ್ಟಿನಲ್ಲಿ ಬೆಳಕು ಕಂಡರು. ಅದೂ ಚೆನ್ನೈಗೆ ಸರ್ವಜ್ಞನನ್ನು ಕಳಿಸುವ ಒಪ್ಪಂದವಾದ ಮೇಲೆ. ಬೆನ್ಜೋನಿ ಉಳಿಯಿಂದ ಸಾಧಿಸಿದ್ದನ್ನು ನಾವು ಬರೀ ರಾಜಕೀಯದಿಂದ ಸಾಧಿಸಿದೆವು.

ಅದೇ ಮ್ಯೂಸಿಯಮ್ಮಿನಲ್ಲಿ ನಿಮ್ಮೂರಿನ ಬಿದರಿ ಹುಕ್ಕಾಗಳೂ ಹೂಜಿಗಳೂ ಇವೆ. ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪಾಗಿಸಿದ ಸಾಮಾನು. ಅದನ್ನು ಮಾಡುವವರು ನಿಮ್ಮ ಕ್ಷೇತ್ರದಲ್ಲೇ ಇದ್ದಾರೆ. ಅವರ ಓಣಿಗೆ ಹೋಗಲು ವೀಸಾ ಬೇಕಿಲ್ಲ, ಆದರೆ ಟಿ.ಎ., ಡಿ.ಎ. ಕಡಿಮೆ ಬರುತ್ತದೆ ಎಂಬುದನ್ನು ನಾನು ಬಲ್ಲೆ.

ಇಂತಿ,
ನಿಮ್ಮ ಕ್ಷೇತ್ರದಲ್ಲಿ ಈಗ ಓಟಿಲ್ಲದ
ಕಾಚಿಗುಡದ ಕನ್ನಡಿಗ

ವಿ.ಸೂ.: ಶುಕ್ರವಾರ ಬರಬೇಡಿ, ಅವತ್ತು ಮ್ಯೂಸಿಯಮ್ಮಿಗೆ ರಜೆ. ಅಂದು ಬಂದರೆ ನಿಮಗೆ ನೋಡಲು ದೊಡ್ಡವು ಮಾತ್ರ ಉಳಿಯುತ್ತವೆ.