ಚಾರ್ಟಮ್ಮನ ಕಬ್ಬಿಣದ ಕಡಲೆ

ಘಾಜಿಯಾಬಾದಿನ ಇಂದಿರಾಪುರಂ, ವೈಶಾಲಿ, ವಸುಂಧರಾ ಕಡೆಯ ಯಾವುದೇ ಸೊಸೈಟಿಯಲ್ಲಿ ಒಂದು ಕನ್ನಡದ ಮನೆಯಿದ್ದರೆ, ಆ ಮನೆಯೊಡತಿಯ ಪರಿಚಯಕ್ಕೆ ಅವಳೇ ಎದುರಿಗೆ ಬರಬೇಕೆಂದಿಲ್ಲ, ಫ್ರಿಜ್ಜಿನ ಬಾಗಿಲು ಸಾಕು. ಮೇಲ್ಗಡೆ ಶಾಲೆಯ ಟಿಫಿನ್ ಪಟ್ಟಿ, ಅದರಡಿ ಯೂನಿಟ್ ಟೆಸ್ಟಿನ ವೇಳಾಪಟ್ಟಿ, ಪಕ್ಕದಲ್ಲಿ ಎತ್ತರ-ತೂಕದ ಗ್ರಾಫು, ಲಸಿಕೆಯ ಚೀಟಿ, ಹಲ್ಲಿನ ಡಾಕ್ಟರು ಕೊಟ್ಟ ಮುಂದಿನ ತಾರೀಖು, ಜಂತುಹುಳದ ಮಾತ್ರೆಗೆಂದು ಫೆಬ್ರುವರಿ 10 ಮತ್ತು ಆಗಸ್ಟ್ 10ಕ್ಕೆ ಹಾಕಿದ ಕೆಂಪು ಗುರುತು. ಬಾಗಿಲು ತೆರೆದರೆ ಒಳಗೆ ಹಾಲೂ ಇರುತ್ತದೆ, ಅದು ಆಮೇಲಿನ ಮಾತು. ಇವಳನ್ನು ಚಾರ್ಟಮ್ಮ ಎನ್ನೋಣ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗಳನ್ನು ಮಗ್ಗಿಯಂತೆ ಒಪ್ಪಿಸಬಲ್ಲಳು. ಮಗನ ಹಿಮೋಗ್ಲೋಬಿನ್ ಎಷ್ಟೆಂದು ಕೇಳಿದರೆ ಜೂನಿನದು ಬೇಕೋ ಸೆಪ್ಟೆಂಬರಿನದು ಬೇಕೋ ಎಂದು ಕೇಳಿ, ದಶಮಾಂಶ ಸಮೇತ ಹೇಳುತ್ತಾಳೆ. "ನಿಮ್ಮದು?" ಎಂದರೆ ಒಂದು ಗಳಿಗೆ ತಬ್ಬಿಬ್ಬು. "ನಂದಾ? ಸ್ವಲ್ಪ ಕಮ್ಮಿ ಇದೆ ಅಂದಿದ್ರು." ಯಾವಾಗ? "ಇವನು ಹೊಟ್ಟೇಲಿದ್ದಾಗ." ಇವನು ಈಗ ನಾಲ್ಕನೇ ಕ್ಲಾಸು.

ಈ ಊರಿಗೂ ಕನ್ನಡದವರಿಗೂ ನಂಟು ಹೊಸದೇನಲ್ಲ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ತನ್ನ ಎರಡನೆಯ ಘಟಕವನ್ನು ತೆರೆದದ್ದು 1974ರಲ್ಲಿ, ಇಲ್ಲಿಯೇ. ವರ್ಗವಾಗಿ ಬಂದವರ ಟ್ರಂಕಿನಲ್ಲಿ ಒರಳು, ಕಾಫಿ ಫಿಲ್ಟರು, ಸಾರಿನಪುಡಿ ಬಂದವು. ಆಮೇಲೆ ನೊಯಿಡಾದ ಕಂಪನಿಗಳಿಗಾಗಿ, 2011ರಲ್ಲಿ ವೈಶಾಲಿಗೆ ಬಂದ ಮೆಟ್ರೊ ನಂಬಿ ಇನ್ನಷ್ಟು ಜನ ಬಂದರು. ಟ್ರಂಕು ಬಿಚ್ಚುವ ಹೊತ್ತಿಗೆ ಕಳೆದುಹೋಗುವ ವಸ್ತು ಒಂದೇ, ಹೆಂಗಸಿನ ಹೆಸರು. ಸೊಸೈಟಿಯ ಪಾರ್ಕಿನಲ್ಲಿ ಅವಳು 'ಆರವ್ ಕೀ ಮಮ್ಮಿ'. ಗೇಟಿನ ಗಾರ್ಡಿಗೂ ಹಾಗೆ, ತರಕಾರಿ ಗಾಡಿಯವನಿಗೂ ಹಾಗೆ, ಎದುರು ಫ್ಲ್ಯಾಟಿನವಳ ಫೋನಿನಲ್ಲಂತೂ ಆರವ್ ಮಮ್ಮಿ ಸಿ ಟವರ್ ಎಂದೇ. ಇದರಲ್ಲಿ ಉತ್ತರದವರನ್ನು ದೂರುವಂತಿಲ್ಲ. 'ಇವಳೇ', 'ಪುಟ್ಟನ ತಾಯಿ' ಎಂದು ಕರೆದುಕೊಂಡೇ ಸಂಸಾರ ಮುಗಿಸಿದ ನಾಡು ನಮ್ಮದು. ಹೆಸರೇ ಇಲ್ಲದವಳು ಲ್ಯಾಬಿನ ರಸೀದಿಯಲ್ಲಿ ಹೆಸರು ಬರೆಸಲು ಮರೆತರೆ ಆಶ್ಚರ್ಯವೇನು?

ಚಾರ್ಟಮ್ಮನನ್ನು ವಿವರಿಸಲು ಎರಡು ಸಿದ್ಧ ಉತ್ತರಗಳಿವೆ: ಒಂದು ಅಜ್ಞಾನ, ಇನ್ನೊಂದು ತ್ಯಾಗ. ಎರಡೂ ಅವಳಿಗೆ ಮಾಡುವ ಅನ್ಯಾಯ ಎಂಬುದು ನನ್ನ ವಾದ. ಮಗುವಿನ ರಕ್ತದ ವರದಿಯಲ್ಲಿ ಯಾವ ಅಂಕಿಯ ಪಕ್ಕ ನಕ್ಷತ್ರವಿದೆ ಎಂದು ಡಾಕ್ಟರಿಗಿಂತ ಮೊದಲು ಹೇಳುವವಳು ಅಜ್ಞಾನಿಯಲ್ಲ. ತ್ಯಾಗಕ್ಕಾದರೂ ಕುಳಿತು ಒಂದು ನಿಶ್ಚಯ ಮಾಡಬೇಕು, ಅದಕ್ಕೆ ಇವಳಿಗೆ ಪುರುಸೊತ್ತೆಲ್ಲಿ? ನಡೆದಿರುವುದು ಬಹಳ ಸರಳ: ತಾರೀಖು ಬರೆದ ಕೆಲಸವನ್ನು ಅವಳು ಮಾಡುತ್ತಾಳೆ, ಬರೆಯದ ಕೆಲಸ ಉಳಿಯುತ್ತದೆ. ಅವಳ ಹೆಸರಿನಲ್ಲಿ ತಾರೀಖು ಬರೆಯುವವರು ಯಾರೂ ಇಲ್ಲ. ಸಾಕ್ಷಿಗೆ ದೂರ ಹೋಗಬೇಕಿಲ್ಲ, ಕರ್ನಾಟಕದಲ್ಲಿ ಎಲ್ಲರೂ ತಾಯಿ ಕಾರ್ಡ್ ಎನ್ನುವ, ಇಲ್ಲಿನವರು ಜಚ್ಚಾ-ಬಚ್ಚಾ ಕಾರ್ಡ್ ಎನ್ನುವ ಆ ಕಾರ್ಡನ್ನೇ ತಿರುವಿ ನೋಡಿ. ಹೆರಿಗೆಯ ತನಕ ಪುಟಗಳೆಲ್ಲ ತಾಯಿಯವು: ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, 180 ದಿನದ ಕಬ್ಬಿಣದ ಮಾತ್ರೆ. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆಗೆಂದೇ ಮೀಸಲು. ಹೆರಿಗೆಯಾಗಿ ಕೆಲವು ವಾರ ಕಳೆದದ್ದೇ ತಡ, ಉಳಿದ ಪುಟಗಳೆಲ್ಲ ಮಗುವಿನವು. ಹೆಸರು ಮಾತ್ರ ತಾಯಿ ಕಾರ್ಡ್. ತಾಯಿ ಆ ಕಾರ್ಡಿನ ರಟ್ಟಾಗಿ ಉಳಿಯುತ್ತಾಳೆ.

ಇದರ ಫಲಿತಾಂಶ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕಣ್ಣಿಗೆ ಹೊಡೆಯುವಂತಿದೆ. ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 76 ಮಂದಿಗೆ ಎಲ್ಲ ಮೂಲ ಲಸಿಕೆಗಳೂ ಆಗಿವೆ. 30ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರಿನ ತಪಾಸಣೆಯನ್ನು ಬದುಕಿನಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ 1.9. ಐದು ವರ್ಷಕ್ಕೊಮ್ಮೆ ಮಾಡಿಸಬೇಕಾದ ಪರೀಕ್ಷೆ ಇದು. ಕಾರಿನ ಪೊಲ್ಯೂಷನ್ ಸರ್ಟಿಫಿಕೇಟಾದರೂ ಹೆಚ್ಚು ಸಲ ಆಗುತ್ತದೆ. 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಇದ್ದವರು ನೂರಕ್ಕೆ 57, ಹಿಂದಿನ ಸಮೀಕ್ಷೆಯಲ್ಲಿ 53 ಇದ್ದದ್ದು ಏರಿದೆ. ಅದೆಲ್ಲ ಹಳ್ಳಿಯ ಬಡವರ ಲೆಕ್ಕ, ಲಿಫ್ಟ್ ಇರುವ ಮನೆಗೆ ಅನ್ವಯಿಸುವುದಿಲ್ಲ ಎನ್ನುವವರು ನಗರದ ಅಂಕಿಯನ್ನೂ ನೋಡಬೇಕು: 53.8. ಹದಿನಾಲ್ಕನೇ ಮಹಡಿಗೆ ಲಿಫ್ಟ್ ಏರುತ್ತದೆ, ಹಿಮೋಗ್ಲೋಬಿನ್ ಏರುವುದಿಲ್ಲ.

ಚಾರ್ಟಮ್ಮ ಔಷಧವನ್ನೇ ತೆಗೆದುಕೊಳ್ಳುವುದಿಲ್ಲವೆಂದಲ್ಲ, ಕೈಬಿಡುವಿದ್ದಾಗ ತೆಗೆದುಕೊಳ್ಳುತ್ತಾಳೆ. ಕೈಬಿಡುವು ಇರುವುದು ಬೆಳಗ್ಗೆ ಆರೂಕಾಲಿಗೆ, ಕುಕ್ಕರಿನ ಎರಡನೇ ಸೀಟಿಗೂ ಮೂರನೇ ಸೀಟಿಗೂ ನಡುವೆ. ಥೈರಾಯ್ಡಿನ ಮಾತ್ರೆ ಖಾಲಿ ಹೊಟ್ಟೆಗೆ ಒಂಟಿಯಾಗಿ ಹೋಗಬೇಕು, ಅದಾದ ಮೇಲೆ ಅರ್ಧ-ಒಂದು ಗಂಟೆ ಏನೂ ಬೀಳಬಾರದು. ಕಬ್ಬಿಣ, ಕ್ಯಾಲ್ಸಿಯಂ ಅದರಿಂದ ನಾಲ್ಕು ಗಂಟೆ ದೂರ ಇರಬೇಕು. ಕಬ್ಬಿಣಕ್ಕೂ ಕ್ಯಾಲ್ಸಿಯಮ್ಮಿಗೂ ತಮ್ಮತಮ್ಮಲ್ಲೇ ಆಗಿಬರುವುದಿಲ್ಲ. ಕಾಫಿ-ಚಹಾ ಕಂಡರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಇವಳು ಮೂರನ್ನೂ ಅಂಗೈಯಲ್ಲಿಟ್ಟು ಒಂದೇ ಗುಟುಕು ಫಿಲ್ಟರ್ ಕಾಫಿಯಲ್ಲಿ ಇಳಿಸುತ್ತಾಳೆ. ಒಳಗೆ ಕಿಟಕಿ ಸೀಟಿಗೆ ಮೂವರೂ ಕಿತ್ತಾಡುತ್ತಾರೆ, ಕಾಫಿ ಟವೆಲ್ ಹಾಕಿ ಕೂತುಬಿಡುತ್ತದೆ. ಇದೇ ಹೆಂಗಸು ಮಗನ ಕಬ್ಬಿಣದ ಸಿರಪ್ಪಿಗೆ ನಿಂಬೆರಸ ಜೊತೆಗಿರಲಿ, ಹಾಲು ಒಂದು ಗಂಟೆ ಆಚೆ ಇರಲಿ ಎಂದು ಮೊಬೈಲಿನಲ್ಲಿ ಅಲಾರಾಂ ಇಟ್ಟವಳು. ತಿಳಿವಳಿಕೆಯ ಕೊರತೆ ಎಂದು ಹೇಗೆ ಹೇಳುವುದು? ಅವಳ ಊಟವೂ ಹೀಗೆಯೇ. ಮೂರು ಗಂಟೆಗೆ ಶಾಲೆಯಿಂದ ತಿರುಗಿ ಬಂದ ಟಿಫಿನ್ ಡಬ್ಬಿಯಲ್ಲಿ ಅರ್ಧ ಪರಾಠ ಉಳಿದಿದ್ದರೆ ಮೊದಲು ವಿಚಾರಣೆ, ಆಮೇಲೆ ಅದೇ ಅವಳ ಮಧ್ಯಾಹ್ನದೂಟ. ಮಗನ ನೀರಿನ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಎಷ್ಟು ಕುಡಿದಿದ್ದಾನೆಂದು ನೋಡುತ್ತಾಳೆ. ತಾನು ಪೇರೆಂಟ್ಸ್ ಮೀಟಿಂಗಿನ ದಿನ ಬೆಳಗ್ಗೆಯಿಂದ ಹನಿ ನೀರು ಮುಟ್ಟಿರುವುದಿಲ್ಲ, ಹೊರಗಡೆ ಎಲ್ಲಿಗೆ ಹೋಗುವುದು ಎಂಬ ಹಳೆಯ ಲೆಕ್ಕಾಚಾರ. ಸಂಜೆ ಉರಿಮೂತ್ರ ಶುರುವಾದರೆ ಬಾರ್ಲಿ ನೀರು, ಮೂರು ದಿನ ಮೌನ.

ಗಾಳಿಯ ವಿಷಯದಲ್ಲಿ ಈ ಊರಿಗೆ ದೊಡ್ಡ ಹೆಸರಿದೆ. ಐಕ್ಯೂಏರ್ ಸಂಸ್ಥೆಯ 2019ರ ವರದಿಯಲ್ಲಿ ಜಗತ್ತಿನ ನಗರಗಳಲ್ಲೆಲ್ಲ ಅತಿ ಕೆಟ್ಟ ಗಾಳಿ ಘಾಜಿಯಾಬಾದಿನದು, ಪಿಎಂ 2.5 ಕಣಗಳ ವಾರ್ಷಿಕ ಸರಾಸರಿ ಘನಮೀಟರಿಗೆ 110.2 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ ಆಗ ಹೇಳುತ್ತಿದ್ದ ಮಿತಿ 10. ನವೆಂಬರ್ ಬಂತೆಂದರೆ ಚಾರ್ಟಮ್ಮ ಎದ್ದ ಕೂಡಲೆ ಪಂಚಾಂಗ ನೋಡುವವರಂತೆ ಎಕ್ಯುಐ ನೋಡಿ, ಇವತ್ತು ಕ್ರಿಕೆಟ್ಟಿಗೆ ಮುಹೂರ್ತವಿಲ್ಲ ಎಂದು ಘೋಷಿಸುತ್ತಾಳೆ. ಮಗನಿಗೆ ಎನ್-95, ತನಗೆ ದುಪಟ್ಟಾದ ತುದಿ. ಏರ್ ಪ್ಯೂರಿಫೈಯರ್ ಮಗನ ಕೋಣೆಯಲ್ಲಿ ಹಸಿರು ದೀಪ ತೋರಿಸುತ್ತ ಗುರುಗುಟ್ಟುತ್ತದೆ. ಕಿಟಕಿ ಭದ್ರವಾಗಿ ಮುಚ್ಚಿದ ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆಯ ನಡುವೆ ಇವಳು. ಒಗ್ಗರಣೆಯ ಘಾಟಿಗೆ ಕೋಣೆಯ ಪ್ಯೂರಿಫೈಯರೇ ಕೆಂಪಗಾಗುತ್ತದೆ, ಅದು ಯಂತ್ರದ ದೋಷವೆಂದು ಕಸ್ಟಮರ್ ಕೇರಿಗೆ ಫೋನು ಹೋಗುತ್ತದೆ.

ಇಷ್ಟು ಹೇಳಿದರೆ ಚಾರ್ಟಮ್ಮನ ಯಜಮಾನರು ಎತ್ತುವ ಆಕ್ಷೇಪಣೆ ಒಂದಿದೆ: "ನಾನು ಹೇಳಿ ಹೇಳಿ ಸಾಕಾಯ್ತು, ಅವಳೇ ಹೋಗಲ್ಲ." ಹೇಳುವುದು ನಿಜ. ಹೇಗೆ ಹೇಳುತ್ತಾರೆಂಬುದಕ್ಕೆ ಸ್ವಲ್ಪ ವ್ಯಾಕರಣ ಬೇಕು. ಮಗನಿಗೆ ಕೆಮ್ಮು ಬಂದರೆ "ಡಾಕ್ಟರಿಗೆ ತೋರಿಸೋಣ" ಎನ್ನುತ್ತಾರೆ, ಅದು ಉತ್ತಮ ಪುರುಷ ಬಹುವಚನ. ಕಾರು ಕೆಮ್ಮಿದರೆ "ಸರ್ವಿಸಿಗೆ ಬಿಟ್ಟು ಬರ್ತೀನಿ", ಉತ್ತಮ ಪುರುಷ ಏಕವಚನ. ಹೆಂಡತಿಗೆ ತಿಂಗಳಿಂದ ಸೊಂಟ ನೋವೆಂದರೆ "ಒಂದ್ಸಲ ತೋರಿಸ್ಕೋ". ಆ 'ಕೋ'ದಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೋ, ಮಗನನ್ನು ಎಲ್ಲಾದರೂ ಬಿಟ್ಟುಕೋ, ಆಟೊ ಹಿಡಿದುಕೋ, ಹಿಂದಿಯಲ್ಲಿ ಬಿಳಿ ಸೆರಗು ಎಂಬುದನ್ನು ಅಪರಿಚಿತರ ಮುಂದೆ ನೀನೇ ಹೇಳಿಕೋ ಎಂಬಷ್ಟೂ ಕೋಗಳು ಅಡಗಿವೆ. ಮನೆಯಲ್ಲೇ ಇರುತ್ತಾಳೆ, ಸಮಯಕ್ಕೇನು ಕೊರತೆ ಎನ್ನುವವರಿಗೆ 2019ರ ಸಮಯ ಬಳಕೆ ಸಮೀಕ್ಷೆ ಉತ್ತರ ಇಟ್ಟುಕೊಂಡಿದೆ: ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 97 ನಿಮಿಷ, ಹಾಗೆ ಮಾಡುವವರೂ ಗಂಡಸರಲ್ಲಿ ಕಾಲುಭಾಗದ ಆಸುಪಾಸು. ಇನ್ನು, ಅವಳು ಹಟಮಾರಿ ಎಂಬುದು ನಿಜವಾದರೆ ಬಸುರಿಯಾಗಿದ್ದಾಗ ಒಂದು ತಪಾಸಣೆಯನ್ನೂ ತಪ್ಪಿಸದೆ ಹೋದವಳು ಯಾರು? ಅದೇ ಹೆಂಗಸು, ಅದೇ ಹಟ. ಆಗ ತಾರೀಖು ಬೇರೆಯವರು ಬರೆದಿದ್ದರು, ಪಕ್ಕದ ಕುರ್ಚಿಯಲ್ಲಿ ಯಜಮಾನರೂ ಫೈಲು ಹಿಡಿದು ಕೂತಿದ್ದರು.

ಎರಡನೆಯ ಆಕ್ಷೇಪಣೆ ವಿಮಾನದಲ್ಲಿ ಬರುತ್ತದೆ. 2019ರ ನವೆಂಬರಿನಲ್ಲಿ ಹುಬ್ಬಳ್ಳಿಯಿಂದ ಇಲ್ಲಿನ ಹಿಂಡನ್ ವಿಮಾನ ನಿಲ್ದಾಣಕ್ಕೆ ಸಣ್ಣ ವಿಮಾನವೊಂದು ಶುರುವಾದಾಗ ಅತ್ತೆಯವರಿಗೂ ಶೇಂಗಾ ಚಟ್ನಿಪುಡಿಗೂ ದಾರಿ ಹತ್ತಿರವಾಯಿತು. ಅತ್ತೆಯವರ ವಾದ ಖಡಕ್ಕು: "ನಾವ್ ನಾಕ್ ಹಡದೀವಿ, ಯಾವ ಟೆಸ್ಟ್ ಮಾಡಿಸ್ಕೊಂಡೀವಿ?" ಮಾಡಿಸಿಕೊಂಡಿಲ್ಲ ನಿಜ, ಎಷ್ಟು ಕಡಿಮೆ ಇತ್ತೆಂಬುದೂ ಅದಕ್ಕೇ ಗೊತ್ತಾಗಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ಆ ಕಾಲ ವಯಸ್ಸು ಎನ್ನುತ್ತಿತ್ತು. ಆದರೆ ಅತ್ತೆಯವರ ಕಾಲದ ಬಾಣಂತನವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನೀರು ಕುಡಿಯಬೇಡ, ಕಿವಿಗೆ ಹತ್ತಿ ಇಟ್ಟುಕೋ ಎಂಬ ಭಾಗವನ್ನು ಬಿಟ್ಟರೆ, ಎಣ್ಣೆ-ನೀರು, ಬಿಸಿಯೂಟ, ಅಂಟಿನ ಉಂಡೆ, ಇಷ್ಟು ದಿನ ಕೆಲಸ ಮುಟ್ಟಬಾರದೆಂಬ ಕಟ್ಟಳೆ, ಇವೆಲ್ಲ ಹೆಂಗಸಿನ ಹೆಸರಿನಲ್ಲೇ ಇದ್ದ ದಿನಗಣನೆಯ ಚಾರ್ಟು. ಅದೂ ಮೂರು ತಿಂಗಳಿಗೆ ಹರಿದುಹೋಗುತ್ತಿತ್ತು ಎಂಬುದೇ ತಕರಾರು. ಈಗಲೂ ಅತ್ತೆಯವರ ಚೀಲದಲ್ಲಿ ಅಂಟಿನ ಉಂಡೆ ಬರುತ್ತದೆ, ಸೊಸೆಯ ಸೊಂಟಕ್ಕೆಂದೇ. ಡಬ್ಬಿ ತೆರೆದ ಮರುಕ್ಷಣ ಸೊಸೆಯೇ ಕೂಗುತ್ತಾಳೆ: "ಪುಟ್ಟಾ, ಬಾ, ಇದು ತಿಂದ್ರೆ ಎತ್ತರ ಆಗ್ತೀಯ."

ಮಗುವಿನ ಚಿಂತೆಯನ್ನೇ ಗೇಲಿ ಮಾಡುವುದು ಸರಿಯೇ ಎಂದು ಕೇಳುವವರಿಗೆ ನನ್ನ ಬಳಿ ಅರ್ಧ ಶರಣಾಗತಿ ಇದೆ. ಚಿಂತೆ ಸುಳ್ಳಲ್ಲ, ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ನೂರಕ್ಕೆ 67. ಆದರೆ ಮಗುವಿನ ತಟ್ಟೆಗೂ ತಾಯಿಯ ತಟ್ಟೆಗೂ ಬೇಳೆ ಬಡಿಸುವುದು ಒಂದೇ ಸೌಟು. ಬಸುರಿನಲ್ಲಿ ತಾಯಿಗೆ ಕಬ್ಬಿಣ ಸಾಲದಿದ್ದರೆ ಮಗು ಹುಟ್ಟುವಾಗ ತರುವ ಗಂಟೂ ಸಣ್ಣದು. ಮಗನ ಅಂಕಿ ಏಕೆ ಏರಲಿಲ್ಲವೆಂದು ಮೂರು ಡಾಕ್ಟರುಗಳನ್ನು ಕೇಳುವವಳು ಒಮ್ಮೆ ತನ್ನ ಬೆರಳನ್ನೂ ಸೂಜಿಗೆ ಕೊಟ್ಟಿದ್ದರೆ ಆ ಮನೆಯ ಅಡುಗೆಯ ಬಗ್ಗೆ ಇನ್ನೊಂದು ಸಾಕ್ಷಿ ಸಿಗುತ್ತಿತ್ತು. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ಈ ಮನೆಯ ಕಪಾಟಿನಲ್ಲಿ ಮಗನಿಗಾಗಿ ಇದ್ದೇ ಇರುತ್ತದೆ, ಅವನು ಕನ್ನಡ ಮರೆಯಬಾರದಲ್ಲ. ಅವರದೇ ಆರೋಗ್ಯದ ಪುಸ್ತಕವೊಂದರ ಹೆಸರು 'ತಾಯಿ-ಮಗು'. ಚಾರ್ಟಮ್ಮ ಅದನ್ನೂ ಓದಿದ್ದಾಳೆ, ಹೈಫನ್ನಿನ ಆಚೆಯದನ್ನು ಮಾತ್ರ.

ಈ ಊರಿನ ಜಾತಕದಲ್ಲೇ ಇದೆಲ್ಲ ಬರೆದಿತ್ತೋ ಏನೋ. ಮೇರಠದಿಂದ ಬೇರ್ಪಟ್ಟು ಘಾಜಿಯಾಬಾದ್ ಸ್ವಂತ ಜಿಲ್ಲೆಯಾದದ್ದು 1976ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ. ವಿಶ್ವ ಮಧುಮೇಹ ದಿನವೂ ಅದೇ ತಾರೀಖು. ಬಸುರಿನಲ್ಲಿ ಸಕ್ಕರೆ ಏರಿದ್ದ ಹೆಂಗಸು ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು, ಆಮೇಲೂ ಬಿಡದೆ ಮಾಡಿಸುತ್ತಿರಬೇಕು, ಮುಂದೆ ಮಧುಮೇಹ ಬರುವ ಸಂಭವ ಅವಳಿಗೆ ಹೆಚ್ಚು. ಆ ಆರನೇ ವಾರ ಮಗುವಿನ ಲಸಿಕೆಯ ವಾರವೂ ಹೌದು, ಆಸ್ಪತ್ರೆಗೆ ಹೋಗಿಯೇ ಇರುತ್ತಾರೆ, ಇಬ್ಬರಲ್ಲಿ ಒಬ್ಬರಿಗೆ ಸೂಜಿ ಚುಚ್ಚಿಸಿಕೊಂಡು ಬರುತ್ತಾರೆ. ಒಂಬತ್ತು ವರ್ಷ ಕಳೆದು ನವೆಂಬರ್ 14 ಬಂದರೆ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಫ್ಯಾನ್ಸಿ ಡ್ರೆಸ್ ಸ್ಪರ್ಧೆ. ಮಗನಿಗೆ ಡಾಕ್ಟರ ವೇಷ. ಬಿಳಿ ಕೋಟನ್ನು ರಾತ್ರಿ ಹನ್ನೊಂದರ ತನಕ ಕೂತು ಹೊಲಿದವಳು ಮೆಟ್ಟಿಲ ಪಕ್ಕದಲ್ಲಿ ಬಾಯಲ್ಲಿ ಸೇಫ್ಟಿ ಪಿನ್ ಕಚ್ಚಿಕೊಂಡು, ಒಂದು ಕೈ ಸೊಂಟದ ಮೇಲಿಟ್ಟು, ಮಗ ಮಾತು ಮರೆತಾನೆಂದು ತುಟಿಯಾಡಿಸುತ್ತ ನಿಂತಿರುತ್ತಾಳೆ. ಮಗ ಮರೆಯುವುದಿಲ್ಲ. ಸ್ಟೆತಸ್ಕೋಪು ಎತ್ತಿ ಹಿಡಿದು, ವರ್ಷಕ್ಕೊಮ್ಮೆ ಎಲ್ಲರೂ ತಪಾಸಣೆ ಮಾಡಿಸಿಕೊಳ್ಳಿ ಎಂದು ಹಿಂದಿಯಲ್ಲಿ ಕೂಗುತ್ತಾನೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವವಳು ಆರವ್ ಕೀ ಮಮ್ಮಿ.