ಗೋಡೆಯ ಮೇಲಿನ ಗಡಿ ತಕರಾರು

ಒಂದೇ ಗೋಡೆಯ ಮೇಲೆ ಎರಡು ಬಣ್ಣಗಳು ಸಂಧಿಸುವೆಡೆ ಏಳುವ ಗಡಿ ತಕರಾರು ಅಣ್ಣತಮ್ಮಂದಿರ ಜಮೀನು ವ್ಯಾಜ್ಯಕ್ಕಿಂತ ಕಡಿಮೆಯದೇನಲ್ಲ. ಇದರ ಇತ್ಯರ್ಥಕ್ಕೆ ಬಳಸುವ ಮಾಸ್ಕಿಂಗ್ ಟೇಪ್, ಅಂದರೆ ಅಂಟಿಸಿ ಸುಲಭವಾಗಿ ಕೀಳಬಹುದಾದ ಕಾಗದದ ಪಟ್ಟಿ, ಮೂಲತಃ ಗೋಡೆಗಾಗಿ ಹುಟ್ಟಿದ್ದಲ್ಲ. 1920ರ ದಶಕದ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳ ಷೋಕಿ ಹೆಚ್ಚಿ, ಅವುಗಳಿಗೆ ಬಣ್ಣ ಹೊಡೆಯುವವರ ಬೈಗುಳವೂ ಹೆಚ್ಚಿದಾಗ, 3ಎಂ ಕಂಪನಿಯ ರಿಚರ್ಡ್ ಡ್ರೂ ಎಂಬವರು 1925ರಲ್ಲಿ ಅದನ್ನು ರೂಪಿಸಿದರು.

ಟೇಪ್ ಅಂಟಿಸಿದ ಮಾತ್ರಕ್ಕೆ ಗೆರೆ ನೇರವಾಗುತ್ತದೆಂಬುದು ಮನೆಯೊಡೆಯರ ನಂಬಿಕೆ. ಬಣ್ಣಕ್ಕೆ ಅದು ಒಪ್ಪಿಗೆಯಿಲ್ಲ. ಗಾರೆಯ ತರಿತರಿ ಮೇಲ್ಮೈಗೂ ಟೇಪಿಗೂ ನಡುವೆ ಉಳಿಯುವ ಸಣ್ಣ ಸಂದಿಗಳಲ್ಲಿ ಅದು ಕೇಶಾಕರ್ಷಣೆಯಿಂದ, ಎಂದರೆ ಕಿರಿದಾದ ಸಂದಿಯೊಳಕ್ಕೆ ದ್ರವವು ತಾನಾಗಿ ಹರಿಯುವ ಗುಣದಿಂದ, ನುಸುಳಿ ಆಚೆ ಬದಿಯಲ್ಲಿ ಮೀಸೆ ಚಿಗುರಿಸುತ್ತದೆ. ಆದುದರಿಂದ ಬಲ್ಲ ಪೇಂಟರ್ ಟೇಪಿನ ಅಂಚಿಗೆ ಮೊದಲು ಹಳೆಯ ಬಣ್ಣವನ್ನೇ ಸವರಿ, ನುಸುಳುವುದಿದ್ದರೆ ಅದೇ ನುಸುಳಿ ಸಂದಿ ಮುಚ್ಚಲೆಂದು ಬಿಟ್ಟು, ಒಣಗಿದ ಮೇಲೆ ಹೊಸ ಬಣ್ಣ ಬಳಿದು, ಅದಿನ್ನೂ ಹಸಿಯಿರುವಾಗಲೇ ಟೇಪನ್ನು ಓರೆಯಾಗಿ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯುತ್ತಾನೆ. ಪೂರ್ತಿ ಒಣಗಲು ಬಿಟ್ಟರೆ ಬಣ್ಣದ ಪೊರೆಯೂ ಜೊತೆಗೇ ಎದ್ದು ಬರುತ್ತದೆ.

ಇಷ್ಟಾದರೂ, ಸೂರೇ ಸೊಟ್ಟಗಿರುವ ಮನೆಯಲ್ಲಿ ರಸಮಟ್ಟ ಹಿಡಿದು ಎಳೆದ ನಿಖರ ಗೆರೆಯೇ ಎಲ್ಲರ ಕಣ್ಣಿಗೆ ವಕ್ರವಾಗಿ ಕಾಣುವುದರಿಂದ, ಪೇಂಟರ್ ಸದ್ದಿಲ್ಲದೆ ಗೆರೆಯನ್ನೂ ಒಂದಿಷ್ಟು ಸೊಟ್ಟಗೆಳೆದು ಪೂರ್ತಿ ಮಜೂರಿ ಪಡೆಯುತ್ತಾನೆ.