ಮಗು ಕಲೀಲಿ ಅಂತ!

ಮೂರು ವರ್ಷದ ಕೂಸಿಗೆ ಒಂದು ಟ್ಯಾಬ್ ಕೊಡಿಸೋಣ ಅಂತ ಬಾಯಿ ಬಿಟ್ಟು ನೋಡಿ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಹಾಕದವರೆಲ್ಲ ಎದ್ದು ಕೂರುತ್ತಾರೆ. ಅಮೆರಿಕದ ಫ್ರೀಮಾಂಟಿನ ಚಿಕ್ಕಪ್ಪ, "ಐಪ್ಯಾಡ್ ಬಿಟ್ಟು ಬೇರೆ ಯೋಚನೇನೇ ಬೇಡ ಕಣೋ" ಅನ್ನುತ್ತಾರೆ. ದಾವಣಗೆರೆಯ ಸೋದರಮಾವ, "ಆ ದುಡ್ಡಿಗೆ ಒಂದು ಕಡಸು ಬರುತ್ತಲ್ಲೋ" ಅನ್ನುತ್ತಾರೆ. ಅಜ್ಜಿ, "ಮಗೂ ಕಣ್ಣು ಹಾಳಾಗುತ್ತೆ" ಅಂತ ವಾಯ್ಸ್ ಮೆಸೇಜ್ ಕಳಿಸುತ್ತಾರೆ; ಹಿಂದುಗಡೆ ಸೀರಿಯಲ್ಲಿನ ಅತ್ತೆ ಸೊಸೆಯನ್ನು ಬಯ್ಯುವುದು ಸ್ಪಷ್ಟವಾಗಿ ಕೇಳಿಸುತ್ತದೆ.

ಅಪ್ಪ ಅಮ್ಮ ಎಲ್ಲರಿಗೂ ಹೇಳುವುದು ಒಂದೇ ಮಾತು: "ಆಟಕ್ಕಲ್ಲ, ಮಗು ಕಲೀಲಿ ಅಂತ!"

ಇದೇ ಮಾತು ಹೇಳಿಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಅಂಗಡಿ ಹುಡುಗ ಕಣ್ಣಲ್ಲೇ ನಿಮ್ಮನ್ನು ತೂಗಿಬಿಡುತ್ತಾನೆ.

"ಮಗೂಗೆ ಎಷ್ಟು ವರ್ಷ ಸಾರ್?"

"ಮೂರು."

"ಹಂಗಾದ್ರೆ 8 ಜಿಬಿ ರ‍್ಯಾಮ್ ತಗೊಳಿ. ನಾಳೆ ಸ್ಕೂಲಿಗೂ ಆಯ್ತದೆ."

ಮೂರರ ಮಗು ಅಷ್ಟು ರ‍್ಯಾಮ್ ಇಟ್ಟುಕೊಂಡು ಮಾಡುವುದೇನು? ಆನೆಯ ಚಿತ್ರ ಮುಟ್ಟಿ ಘೀಳಿಡಿಸುವುದು. ಆದರೂ ಅಪ್ಪ ಹೂಂ ಅನ್ನುತ್ತಾನೆ. ಅಷ್ಟರಲ್ಲಿ ಅವನ ಮನಸ್ಸಿನಲ್ಲಿ ಆ ಪರದೆಯ ಮೇಲೆ ಐಪಿಎಲ್ ಶುರುವಾಗಿರುತ್ತದೆ.

ಟ್ಯಾಬ್ ದುಬಾರಿ ಅನ್ನುವವರಿಗೆ ಪಕ್ಕದ ಕಪಾಟಿನಲ್ಲಿ 'ಕಲಿಕೆಯ ಲ್ಯಾಪ್‌ಟಾಪ್' ಕಾದಿರುತ್ತದೆ. ನೀಲಿ ಪ್ಲಾಸ್ಟಿಕ್ಕು, ಎರಡು ಬೆರಳಗಲದ ಪರದೆ, ಗುಂಡಿ ಒತ್ತಿದರೆ "ಎ ಫಾರ್ ಆ್ಯಪಲ್". ದನಿಗೆ ಎರಡೇ ಮಟ್ಟ: ಸಣ್ಣದಿಟ್ಟರೆ ಪಕ್ಕದ ಮನೆಗೆ, ದೊಡ್ಡದಿಟ್ಟರೆ ಆಚೆ ಬೀದಿಗೆ. ಸೆಲ್ ಇಳಿಯುತ್ತಾ ಬಂದ ಹಾಗೆ ಆ್ಯಪಲ್ಲು ಎಳೆದೆಳೆದು ಅಳತೊಡಗುತ್ತದೆ. ಆ ಹೊತ್ತಿಗೆ ಮಗು ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತುವ ವಿದ್ಯೆಯಲ್ಲಿ ಪಾರಂಗತವಾಗಿರುತ್ತದೆ.

ಈ ವಂಶದ ಹಿರಿಯರು ಇಷ್ಟು ಸೋಮಾರಿಗಳಾಗಿರಲಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1978ರಲ್ಲಿ ತಂದ 'ಸ್ಪೀಕ್ ಆ್ಯಂಡ್ ಸ್ಪೆಲ್' ಬಾಯಲ್ಲಿ ಪದ ಹೇಳುತ್ತಿತ್ತು, ಮಗು ಅಕ್ಷರ ಒತ್ತಿ ಕಾಗುಣಿತ ಒಪ್ಪಿಸಬೇಕಿತ್ತು. ಆಮೇಲೆ ಹುಟ್ಟಿದವುಗಳಲ್ಲಿ ಹಲವು ಕೆಲಸವನ್ನೂ ತಾವೇ ಮಾಡಿ, ಚಪ್ಪಾಳೆಯನ್ನೂ ತಾವೇ ತಟ್ಟಿಕೊಳ್ಳುತ್ತವೆ. ಅಮೆರಿಕದಲ್ಲಿ ಕೈಗೂಸುಗಳಿಗೆಂದೇ 'ಬೇಬಿ ಐನ್‌ಸ್ಟೈನ್' ಎಂಬ ವಿಡಿಯೊಗಳು ಬಿಸಿಬಿಸಿಯಾಗಿ ಮಾರಾಟವಾದವು. ಇದರಿಂದ ಬುದ್ಧಿ ಬೆಳೆಯುತ್ತದೆ ಅನ್ನುವುದಕ್ಕೆ ಆಧಾರ ಎಲ್ಲಿದೆ ಎಂದು ಮಕ್ಕಳ ಪರ ಸಂಘಟನೆಯವರು ಪಟ್ಟು ಹಿಡಿದರು. 2009ರಲ್ಲಿ, ಅವನ್ನು ಮಾರುತ್ತಿದ್ದ ಡಿಸ್ನಿ ಕಂಪನಿ, ಡಿವಿಡಿ ಹಿಂದಿರುಗಿಸಿದವರಿಗೆ ದುಡ್ಡು ವಾಪಸ್ ಎಂದಿತು. ಐನ್‌ಸ್ಟೈನ್ ಬರಲಿಲ್ಲ, ದುಡ್ಡಾದರೂ ಬಂತು!

ನಿಜ ಹೇಳಿಬಿಡೋಣ. ಈ ಡಬ್ಬಗಳೊಳಗೆ ನಾವು ಕೊಳ್ಳುವುದು ಮಗುವಿನ ವಿದ್ಯೆಯನ್ನಲ್ಲ, ನಮ್ಮ ಒಂದು ಗಂಟೆ ನೆಮ್ಮದಿಯನ್ನು. ಕುಕ್ಕರ್ ಕೂಗಬೇಕು, ಆಫೀಸಿನ ಕಾಲ್ ಮುಗಿಯಬೇಕು, ಅಷ್ಟು ಹೊತ್ತು ಕೂಸು ಒಂದೆಡೆ ಕೂರಬೇಕು. ಇದರಲ್ಲಿ ನಾಚಿಕೆ ಯಾತಕ್ಕೆ? ಹಿಂದೆ ಇದೇ ಕೆಲಸವನ್ನು ಚಿಕ್ಕಮ್ಮ, ಅತ್ತೆ, ವಠಾರದ ಅಕ್ಕಂದಿರು ಸರದಿಯ ಮೇಲೆ ಮಾಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹಾಕಿಕೊಟ್ಟ ಲೆಕ್ಕವೂ ನಮ್ಮದಕ್ಕೆ ಹೆಚ್ಚುಕಮ್ಮಿ ತಾಳೆಯಾಗುತ್ತದೆ: ಎರಡು ತುಂಬುವ ತನಕ ಪರದೆಯೇ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕೂ ಕಡಿಮೆಯಾದರೆ ಇನ್ನೂ ಒಳ್ಳೆಯದು. ಭಾರತದ ಮಕ್ಕಳ ವೈದ್ಯರ ಸಂಘ ಹೇಳುವುದೂ ಸುಮಾರಾಗಿ ಇದನ್ನೇ.

ಬೇಕಾಗಿರುವುದು ಬರೀ ಒಂದು ಗಂಟೆ ಅಂತ ಒಪ್ಪಿಕೊಂಡ ಮೇಲೆ ಆಯ್ಕೆ ಸಲೀಸು. ರ‍್ಯಾಮಿಗಿಂತ ಮೊದಲು ರಬ್ಬರ್ ಕವರ್ ನೋಡಿ, ಬೀಳುವುದಂತೂ ಗ್ಯಾರಂಟಿ. ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಅಂತ ಕೇಳಿ. ಅಂಗಡಿ ಹುಡುಗ ಮೊದಲ ಸಲ ತಡವರಿಸುತ್ತಾನೆ. ಆ್ಯಂಡ್ರಾಯ್ಡ್ ಆದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿ, ಹೊತ್ತು ಮುಗಿದೊಡನೆ ಅದೇ ಬೀಗ ಜಡಿಯುತ್ತದೆ, ಬೈಗುಳವೂ ಅದಕ್ಕೇ ಸೇರುತ್ತದೆ. ಐಪ್ಯಾಡ್ ಆದರೆ ಗೈಡೆಡ್ ಆ್ಯಕ್ಸೆಸ್ ಇದೆ, ಮಗು ಒಂದೇ ಆ್ಯಪಿನೊಳಗೆ ಬಂದಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ. ಇಳಿಸಿಕೊಂಡು ವೈಫೈ ಆರಿಸಿಬಿಡಿ. ಜಾಹೀರಾತಿನ ಕಾಟವೂ ತಪ್ಪಿತು.

ಇದೂ ಬೇಡ ಅನ್ನುವವರಿಗೆ ಎಲ್‌ಸಿಡಿ ಸ್ಲೇಟಿದೆ. ಕಪ್ಪು ಹಲಗೆ, ಶಾಯಿಯಿಲ್ಲದ ಕಡ್ಡಿ, ಗೀಚಿದಲ್ಲೆಲ್ಲ ಹಸಿರು ಗೆರೆ, ಗುಂಡಿ ಒತ್ತಿದರೆ ಎಲ್ಲವೂ ಮಾಯ. ಒಂದಕ್ಷರ ತಪ್ಪಿದರೂ ಇಡೀ ಹಲಗೆ ಅಳಿಸಬೇಕಾದವು ಹೆಚ್ಚು. ಎಂಜಲು ಹಚ್ಚಿ ಒರೆಸಿದ ನಮ್ಮ ಪೀಳಿಗೆಗೆ ಇದು ದಡ್ಡತನ ಅನ್ನಿಸಬಹುದು. ತಮಾಷೆ ಸಾಕು, ಒಮ್ಮೆ ಹಿಂದೆ ತಿರುಗಿಸಿ ನೋಡಿ. ಬಟನ್ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಮಗು ಆ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯ. ಡಬ್ಬದ ಮೇಲೆ ಅದು ಕಾಣದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಇನ್ನು ಕಲಿಯುವುದು? ಪಕ್ಕದಲ್ಲಿ ಕೂತು "ಆನೆ ಎಲ್ಲಿ ಹೋಯ್ತು ಪುಟ್ಟಾ?" ಅಂತ ಕೇಳುವವರಿದ್ದರೆ ಮಗು ಯಾವುದರಿಂದಲೂ ಕಲಿಯುತ್ತದೆ. ಆದರೆ ಪಕ್ಕದಲ್ಲಿ ಕೂರುವಷ್ಟು ಪುರುಸೊತ್ತಿದ್ದರೆ ಟ್ಯಾಬ್ ಯಾಕೆ ತರುತ್ತಿದ್ದೆವು? ಅದಕ್ಕೇ ಮನೆಖರ್ಚಿನ ಪುಸ್ತಕದಲ್ಲಿ ಇದನ್ನು 'ಮಗುವಿನ ವಿದ್ಯಾಭ್ಯಾಸ'ದ ಕೆಳಗೆ ಬರೆಯಬೇಡಿ. ಕಾಫಿಪುಡಿಯ ಕೆಳಗೆ ಬರೆಯಿರಿ.